ಬೆಟ್ಟದಜ್ಜನ ಕಣ್ಣು

ಸರ್ಕಾರದ ವಿರುದ್ಧ ಘೋಷಣೆ ಕೂಗಿದ ತೇಸೊಕ್‌ನನ್ನು ಪೊಲೀಸರು ಠಾಣೆಯಲ್ಲಿ ಬಡಿದು ಕೊಂದರು. ಹೆಣವನ್ನು ತಾವೇ ಸುಟ್ಟು ಬೂದಿಯನ್ನು ಹೊಳೆಗೆ ಸುರಿದರು. ಆಮೇಲೆ ಊರಿಗೆ ಬಂದು, ಮನೆಯಲ್ಲಿದ್ದ ಅವನ ಫೋಟೋಗಳನ್ನೆಲ್ಲ ಹೊತ್ತುಕೊಂಡು ಹೋದರು.

ಅದರಲ್ಲೊಂದು ಫೋಟೋ ಈಗ ಇನ್ಸ್‌ಪೆಕ್ಟರ್ ನಾಮ್‌ಗುಂಗ್‌ನ ಕೈಯಲ್ಲಿತ್ತು. ಸಿಯೋಲ್‌ನ ಕಾಲೇಜಿಗೆ ಸೇರಿದ ವರ್ಷ ತೆಗೆಸಿದ್ದು. ಇನ್ನೂ ಸರಿಯಾಗಿ ಮೀಸೆ ಮೂಡದ ಮುಖ. ನಾಮ್‌ಗುಂಗ್ ಬೂಟು ಬಿಚ್ಚದೆ ಚಿತ್ರಗಾರ ದಲ್‌ಸುವಿನ ಕೋಣೆಗೆ ನುಗ್ಗಿದ್ದ. ನೆಲದ ಮೇಲೆ ಹಾಸಿದ್ದ ರೇಷ್ಮೆಯ ಚಿತ್ರದ ಸುತ್ತ ತಿರುಗುತ್ತಿದ್ದ.

ಚಿತ್ರ ಊರು ಕಾಯುವ ದೇವರು ಬೆಟ್ಟದಜ್ಜನದು. ಗುಡಿಯಲ್ಲಿದ್ದ ಹಳೆಯದನ್ನು ಹುಳು ತಿಂದಿದ್ದರಿಂದ ಊರವರು ಹೊಸದನ್ನು ಬರೆಯಲು ಹೇಳಿದ್ದರು. ಡೊಂಕು ಪೈನ್ ಮರ, ಅದರ ಬುಡದಲ್ಲಿ ಸೊಂಟದವರೆಗೆ ಬಿಳಿ ಗಡ್ಡ ಇಳಿಬಿಟ್ಟ ಅಜ್ಜ, ಅವನ ಮಗ್ಗುಲಲ್ಲಿ ಸಾಕಿದ ಬೆಕ್ಕಿನಂತೆ ಮೈಚೆಲ್ಲಿದ ಹುಲಿ, ಪಕ್ಕದಲ್ಲಿ ಪೀಚ್ ಹಣ್ಣಿನ ತಟ್ಟೆ ಹಿಡಿದ ಹುಡುಗ. ಯಾರಿಗೂ ಇನ್ನೂ ಕಣ್ಣಿರಲಿಲ್ಲ. ಕಣ್ಣು ಬರೆಯುವುದು ಗುಡಿಯಲ್ಲಿ, ಊರವರ ಎದುರಿಗೆ. ಕಣ್ಣು ಬಿದ್ದ ಮೇಲೆ ಅದು ಚಿತ್ರವಲ್ಲ, ದೇವರು. ಕಿತ್ತವನ ಮನೆ ಉಳಿಯುವುದಿಲ್ಲವೆಂದು ಬೆಟ್ಟದ ಸುತ್ತಲಿನವರ ನಂಬಿಕೆ.

"ಆ ಹೆಂಗಸು ಇಲ್ಲಿಗೆ ಬರ್ತಾಳಂತೆ."

"ಯಾರು ಸಾಹೇಬ್ರೇ?"

"ತೇಸೊಕ್‌ನ ಅಮ್ಮ. ನಾಟಕ ಬೇಡ ಮುದುಕಪ್ಪ."

"ಬರ್ತಾಳೆ. ಬಣ್ಣಕ್ಕೆ ಅಂಟು ಕಾಯಿಸಿ ಕೊಡ್ತಾಳೆ."

"ಬರೀ ಅಂಟು?"

"ಮಾತೂ ಆಡ್ತಾಳೆ. ಅದನ್ನೂ ಸರ್ಕಾರ ನಿಲ್ಲಿಸಿದೆಯಾ?"

ಮಾತಾಡಿದ್ದು ನಿಜ. ಮೊದಲ ಸಲ ಬಂದಾಗ ಅವಳು ಹೊಸ್ತಿಲಲ್ಲೇ ಕುಸಿದು ಕುಳಿತಿದ್ದಳು. "ಅಣ್ಣಾ, ಮದುವೆಯಾಗದೆ ಸತ್ತವನಿಗೆ ಎಡೆ ಇಡೋರಿಲ್ಲ. ಗೋರಿ ಇಲ್ಲ. ಒಂದು ಫೋಟೋನೂ ಬಿಡ್ಲಿಲ್ಲ ಪಾಪಿಗಳು. ನಾಲ್ಕು ಜನ ತಲೆಬಾಗೋ ಜಾಗದಲ್ಲಿ ಅವನ ಮುಖ ಇರ್ಬೇಕು. ಅಷ್ಟು ಮಾಡು."

ದಲ್‌ಸು ಇದ್ದಿಲು ಎತ್ತಿಕೊಂಡ. ಅವಳು ಮಗನಿಂದ ಶುರು ಮಾಡಿ ಎಲ್ಲೆಲ್ಲಿಗೋ ಹೋಗುತ್ತಿದ್ದಳು. ಮಾವನ ಕೂದಲು ಹಣೆಯ ಎರಡೂ ಮೂಲೆಯಿಂದ ಹಿಂದೆ ಸರಿದದ್ದು. ಹುಬ್ಬು ನೆರೆತರೂ ನಡುವೆ ಒಂದಿಷ್ಟು ಕಪ್ಪು ಉಳಿದದ್ದು. ಆ ಮನೆಯ ಗಂಡಸರಿಗೆ ಹಲ್ಲು ಹೋದ ಮೇಲೂ ಕೆನ್ನೆ ಗುಳಿಬೀಳದೆ ಇದ್ದದ್ದು. ದುಃಖದ ಮಾತಿಗೆ ದಾರಿ ಎಲ್ಲಿರುತ್ತದೆ? ದಲ್‌ಸು ತಡೆಯದೆ ಕೇಳಿಸಿಕೊಂಡಿದ್ದ.

ನಾಮ್‌ಗುಂಗ್ ಕುಕ್ಕರುಗಾಲಿನಲ್ಲಿ ಕುಳಿತು ಫೋಟೋವನ್ನು ಹುಡುಗನ ಮುಖದ ಪಕ್ಕಕ್ಕೆ ಹಿಡಿದ. ಹುಡುಗನ ಗಲ್ಲದ ನಡುವೆ ಸಣ್ಣ ಸೀಳು. ಫೋಟೋದಲ್ಲೂ ಅದೇ ಸೀಳು.

"ಸಿಕ್ಕಿದ," ಅಂದ. "ಹಣ್ಣು ಹಿಡ್ಕೊಂಡು ನಿಂತ್ರೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಇವನನ್ನ ಗುಡಿಗೆ ಏರಿಸಿದ್ರೆ ಜಿಲ್ಲೆಯ ಕಾಲೇಜು ಹುಡುಗ್ರೆಲ್ಲ ಇಲ್ಲಿ ಬಂದು ಬೀಳ್ತಾರೆ. ಅಳಿಸು."

"ಅಜ್ಜನಿಗೆ ಒಬ್ಬ ಕೈಯಾಳು ಬೇಡ್ವಾ ಸಾಹೇಬ್ರೇ?"

"ಹುಲಿ ಇದೆಯಲ್ಲ. ಅದರ ಕೈಲೇ ಹಣ್ಣು ತರಿಸ್ಕೊಳ್ಲಿ."

ಪೇದೆಯನ್ನು ಕಳಿಸಿ ತೇಸೊಕ್‌ನ ಅಮ್ಮನನ್ನು ಕರೆಸಿದ. ಬಾಗಿಲಲ್ಲಿ ನಿಲ್ಲಿಸಿ, ನೋಡು ಅಂದ.

ದಲ್‌ಸು ಹಸಿರು ಕಲಸಿದ. ಹುಡುಗನ ಮೇಲೆ ಪೈನ್ ಮರದ ಕೊಂಬೆಯೊಂದು ಚಾಚಿ ಬಂತು. ಮೊದಲು ತಟ್ಟೆ ಹೋಯಿತು, ಆಮೇಲೆ ಕೈ, ಕೊನೆಗೆ ಗಲ್ಲ. ಅವಳು ಲಂಗದ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಇನ್ನೇನಾದ್ರೂ ಅಳಿಸ್ಬೇಕಾ? ಸರಿಯಾಗಿ ನೋಡಿಬಿಡಿ," ಅಂದ ದಲ್‌ಸು.

ನಾಮ್‌ಗುಂಗ್ ಹುಲಿಯ ಮೂತಿ ನೋಡಿದ, ಅಜ್ಜನ ಗಡ್ಡ ನೋಡಿದ. "ಸಾಕು. ಅಜ್ಜ ಚೆನ್ನಾಗಿ ಬಂದಿದ್ದಾನೆ. ಎಲ್ಲೋ ನೋಡಿದ ಹಾಗಿದೆ."

"ಎಲ್ಲರ ಮನೆಯಲ್ಲೂ ಒಬ್ಬ ಅಜ್ಜ ಇರ್ತಾನಲ್ಲ."

ಗುಡಿ ತುಂಬಿಸುವ ಬೆಳಿಗ್ಗೆ ಊರೆಲ್ಲ ಬೆಟ್ಟ ಹತ್ತಿತು. ಬೇಯಿಸಿದ ಹಂದಿಯ ತಲೆ, ಅಕ್ಕಿಯ ಕಡುಬು, ಗಡಿಗೆಯಲ್ಲಿ ಅಕ್ಕಿಯ ಹೆಂಡ. ಜನ ಸೇರುವ ಕಡೆ ಪೊಲೀಸರಿಲ್ಲದೆ ಆಗುತ್ತದೆಯೇ? ನಾಮ್‌ಗುಂಗ್ ಪೇದೆಗಳ ಸಮೇತ ಬಂದು ಮುಂದೆ ನಿಂತ.

ದಲ್‌ಸು ಕುಂಚವನ್ನು ಮಸಿಯಲ್ಲಿ ಅದ್ದಿ ಮೊದಲು ಹುಲಿಗೆ ಕಣ್ಣಿಟ್ಟ. ಆಮೇಲೆ ಅಜ್ಜನಿಗೆ. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಪಕ್ಕದವರು ಅವರ ರಟ್ಟೆ ಹಿಡಿದು ಸುಮ್ಮನಾಗಿಸಿದರು.

ನಾಮ್‌ಗುಂಗ್ ಟೋಪಿ ತೆಗೆದ. ಬಡ್ತಿ ಸಿಗುವ ಹೊತ್ತು. ಬೆಟ್ಟದಜ್ಜನ ದಯೆ ಯಾರಿಗೆ ಬೇಡ? ಎಲ್ಲರಿಗಿಂತ ಮೊದಲು ತಾನೇ ಹೆಂಡ ಎರೆದ. ಮೊಣಕಾಲೂರಿ, ಹಣೆ ನೆಲಕ್ಕೆ ಮುಟ್ಟುವಂತೆ ಅಡ್ಡಬಿದ್ದ. ಅವನ ಹಿಂದೆ ಪೇದೆಗಳು ಬಿದ್ದರು. ಪೇದೆಗಳ ಹಿಂದೆ ಊರು ಬಿತ್ತು.

ಒಬ್ಬಳು ಮಾತ್ರ ನಿಂತೇ ಇದ್ದಳು.

"ಏಯ್, ತೇಸೊಕ್‌ನ ಅಮ್ಮ." ನಾಮ್‌ಗುಂಗ್ ಮೊಣಕಾಲಿನ ಮಣ್ಣು ಕೊಡವುತ್ತ ಎದ್ದ. "ನಮ್ಮ ಮೇಲಿನ ಸಿಟ್ಟನ್ನ ದೇವರ ಮೇಲೆ ಯಾಕೆ ತೋರಿಸ್ತೀಯಾ? ಬೀಳು."

"ಬೀಳಲ್ಲ."

"ಊರೇ ಬಿದ್ದಿದೆ. ನಾನೇ ಬಿದ್ದೆ. ನಿನಗೇನು ರೋಗ? ಬೀಳು ಅಂದೆ."

ದಲ್‌ಸು ಬೇಡವೆಂದು ಮೆಲ್ಲನೆ ತಲೆಯಾಡಿಸಿದ. ಅವಳು ಅತ್ತ ನೋಡಲಿಲ್ಲ. ಬಿಳಿ ಗಡ್ಡದ ಮುಖವನ್ನು ಕಣ್ತುಂಬ ನೋಡಿ, ಮೆತ್ತಗೆ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ನೀವು ಬಿದ್ರಲ್ಲ, ಅಷ್ಟು ಸಾಕು ಸಾಹೇಬ್ರೇ. ಮಗ ಎಷ್ಟು ಮುದುಕನಾದ್ರೂ ಹೆತ್ತವಳು ಅವನ ಕಾಲಿಗೆ ಬೀಳಲ್ಲ."