ಚೆನ್ನಾಗಿರುವ ಹುಳಕ್ಕೆ ಪುಡಿ

ಆಷಾಢದ ಬೆಳಗ್ಗೆ ಹೆಮ್ಮಿಗೆಯ ಹುಳದ ಮನೆಯಲ್ಲಿ ಸರ್ವಮಂಗಳಾ ತೆಳುಬಟ್ಟೆಯ ಗಂಟು ಅಲುಗಿಸುತ್ತಾ ರೇಷ್ಮೆಹುಳುಗಳ ಮೇಲೆ ಔಷಧಿಯ ಬಿಳಿ ಪುಡಿ ಉದುರಿಸುತ್ತಿದ್ದಳು. ಹುಳುಗಳು ಮೂರನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಆಗಷ್ಟೇ ಎದ್ದಿದ್ದವು. ಸೊಪ್ಪಿನ ಮಂಕರಿ ಹಿಡಿದು ಪಕ್ಕದಲ್ಲಿ ನಿಂತಿದ್ದ ಸೊಸೆ ಗಾನವಿಗೆ ಈ ಕೆಲಸವೆಲ್ಲ ಹೊಸದು.

“ಬಿಪಿ ಮಾತ್ರೆ ನುಂಗಿದ್ರಾ ಅತ್ತೆ? ಬಿಟ್ರೆ ಲಕ್ವ ಒಡೀತದೆ ಅಂದವ್ರಲ್ಲ ನರ್ಸಮ್ಮ.”

“ತಲೆಸುತ್ತು ನಿಂತು ತಿಂಗಳಾಯ್ತು. ಗುಂಡುಕಲ್ಲಿನಂಗಿವ್ನಿ. ಸುಮ್‌ಸುಮ್ನೆ ಯಾಕವ್ವ ಔಷ್ದಿ?”

ಗಾನವಿ ಬಗ್ಗಿ ಹುಳುಗಳನ್ನು ನೋಡಿದಳು. “ಇವೂ ಚೆನ್ನಾಗೇ ಅವೆ. ಇವಕ್ಯಾಕೆ ಪುಡಿ?” ಕೊಂಕಿಲ್ಲದೆ, ಕಲಿಯುವ ಆಸೆಯಿಂದಲೇ ಕೇಳಿದ್ದಳು.

“ಅಯ್ಯೋ ಪೆದ್ದಿ, ಚೆನ್ನಾಗಿರುವಾಗ್ಲೇ ಆಕ್ಬೇಕು ಕಣೆ. ರೋಗ ಕಣ್ಣಿಗೆ ಕಂಡ ಮೇಲೆ ಬಳಿದು ತಿಪ್ಪೆಗೆ ಸುರಿಯೋದೇಯ...” ಎನ್ನುತ್ತಿದ್ದ ಸರ್ವಮಂಗಳಾಳ ಕೈ ಅಲ್ಲೇ ನಿಂತಿತು. ಗಂಟಿನಿಂದ ಒಂದಿಷ್ಟು ಪುಡಿ ತಾನಾಗಿಯೇ ಉದುರಿತು.

ಕೊನೆಯ ತಟ್ಟೆಯವರೆಗೂ ಪುಡಿ ಹಾಕಿ ಮುಗಿಸಿದಳು. ಕೈ ತೊಳೆದು ಬಂದು, ಗೋಡೆಗೂಡಿನಲ್ಲಿ ವಿಭೂತಿಗಟ್ಟಿಯ ಹಿಂದೆ ತಾನೇ ಸಿಕ್ಕಿಸಿದ್ದ ಮಾತ್ರೆಯ ಹಾಳೆಯನ್ನು ತೆಗೆದು ಧೂಳು ಒರೆಸಿದಳು.

“ನೀರು ತತ್ತಾ ಮಗಾ,” ಎಂದಳು. “ನಾಳೆನೂ ಕೇಳು. ನಾ ಬೈದ್ರೂ ಕೇಳು.”