ಸೀಟಿ ಊದಿದ ಮೇಲೆ

ನೋರೀನ್ ಸೀಟಿ ಊದಿದಾಗ ಎಫ್ರೇನ್ ಪಕ್ಕದ ಮನೆಯ ಚಾವಣಿಯ ಮೇಲೆ ಮೊಳೆ ಹೊಡೆಯುತ್ತಿದ್ದ. ತಿರುವಿನಲ್ಲಿ ಕಪ್ಪು ಗಾಜಿನ ಬೂದು ವ್ಯಾನೊಂದು ಬಂದು ನಿಂತಿತ್ತು. ಎದೆಗೆ ದಪ್ಪ ಜಾಕೆಟ್ಟು, ಮುಖಕ್ಕೆ ಮುಸುಕು ಹಾಕಿಕೊಂಡ ಇಬ್ಬರು ಅದರಿಂದ ಇಳಿದರು. ಅಡುಗೆಮನೆಯ ಕಿಟಕಿಯಿಂದ ಅಷ್ಟು ಕಂಡಿದ್ದೇ ತಡ, ಅವಳು ಅಂಗಳಕ್ಕೆ ಓಡಿ ಬಂದು ಊದಿದ್ದಳು. ಗಿಡ್ಡ ಗಿಡ್ಡ ಸದ್ದೆಂದರೆ, ಕಾಗದಪತ್ರವಿಲ್ಲದ ವಲಸಿಗರನ್ನು ಮುಸುಕು ಹಾಕಿಕೊಂಡು ಬಂದು ಹಿಡಿದೊಯ್ಯುವ ವಲಸೆ ಪೊಲೀಸರು ಬಂದರು, ಅಡಗಿಕೊಳ್ಳಿ ಎಂದು. ಶಿಕಾಗೋದ ಆ ಬೀದಿಯಲ್ಲಿ ಈಗ ಅದು ಎಳೆಯ ಮಕ್ಕಳಿಗೂ ಗೊತ್ತು. ಹಿಂದಿನ ಬೀದಿಯಿಂದ ಮತ್ತೊಂದು ಸೀಟಿ ಓಗೊಟ್ಟಿತು, ಅದರಾಚೆಯಿಂದ ಇನ್ನೊಂದು. ಚಾವಣಿಯ ಮೇಲೆ ಎಫ್ರೇನನ ಜೊತೆಗಿದ್ದ ಅವನ ತಮ್ಮ ವಿಲ್ಮರ್ ಏಣಿ ಇಳಿದು ಓಡಿದ. ಎಫ್ರೇನನಿಗೆ ಏಣಿಯವರೆಗೂ ಹೋಗುವ ತಾಳ್ಮೆ ಇರಲಿಲ್ಲ. ಹಿತ್ತಲ ಕಡೆಗೆ ಹಾರಿಬಿಟ್ಟ.

ವ್ಯಾನಿನಿಂದ ಇಳಿದವರು ಕಾಲುದಾರಿಯ ಕಬ್ಬಿಣದ ಮುಚ್ಚಳ ಎತ್ತಿ, ಉದ್ದನೆಯ ಸರಳೊಂದನ್ನು ಒಳಗೆ ಇಳಿಬಿಟ್ಟರು. ನೀರಿನ ಹಳೇ ಪೈಪು ನೋಡಲು ಬಂದವರು. ಮುಸುಕು ಚಳಿಗೆ. ಅವರಲ್ಲೊಬ್ಬ ಅವಳತ್ತ ಕೈಬೀಸಿ, "ಏನಮ್ಮ, ಮ್ಯಾಚ್ ಶುರುವಾಯ್ತಾ?" ಎಂದು ನಕ್ಕ. ಸೀಟಿ ಇನ್ನೂ ಅವಳ ತುಟಿಗಳ ನಡುವೆಯೇ ಇತ್ತು.

ಆ ದಿನ ಬೆಳಿಗ್ಗೆಯೂ ಅವಳು ರೇಡಿಯೋದಲ್ಲಿ ಹಿಡಿದೊಯ್ದವರ ಸುದ್ದಿ ಕೇಳುತ್ತಾ ಕೂತು ಕಾಫಿ ತಣ್ಣಗಾಗಲು ಬಿಟ್ಟಿದ್ದಳು. ಆಮೇಲೆ ದಿನದ ವಾಡಿಕೆಯಂತೆ ಸಂಸದರ ಕಚೇರಿಗೆ ಫೋನು ಮಾಡಿ, ಯಾರೂ ಎತ್ತದಿದ್ದಾಗ ತನ್ನ ಹೆಸರು, ವಿಳಾಸ, ಇದು ಅನ್ಯಾಯ ಎಂಬ ಮಾತು ಎಲ್ಲವನ್ನೂ ಸಂದೇಶ ಮುದ್ರಿಸಿಕೊಳ್ಳುವ ಯಂತ್ರಕ್ಕೆ ಹೇಳಿದ್ದಳು. "ಪಾಪ, ಆ ಮೆಷಿನ್ನಿಗೆ ನಿನ್ನ ಅಡ್ರೆಸ್ ಬಾಯಿಪಾಠ ಆಗಿರಬೇಕು ಕಣೇ. ಕ್ರಿಸ್‌ಮಸ್‌ಗೆ ಅದೇ ನಿಂಗೊಂದು ಕಾರ್ಡ್ ಕಳಿಸುತ್ತೆ ನೋಡು," ಎಂದಿದ್ದ ಗಂಡ ಗಸ್. "ಸುಮ್ನೆ ಕೂತ್ಕೊಂಡು ಕೇಳ್ತಾ ಇರಕ್ಕಾಗಲ್ಲ ಗಸ್," ಎಂದಿದ್ದಳು ಅವಳು. ಕೇಳುವುದು, ಕೊರಗುವುದು, ಪಾತ್ರೆ ತೊಳೆಯುವುದು. ಇಷ್ಟೇ ಆಗಿಹೋಗಿದ್ದ ದಿನಗಳಲ್ಲಿ, ಒಬ್ಬರಿಗಾದರೂ ನಿಜವಾಗಿ ಉಪಯೋಗಕ್ಕೆ ಬರುವ ವಸ್ತುವೆಂದು ಅವಳು ನಂಬಿದ್ದು ಕೊರಳಲ್ಲಿದ್ದ ಆ ಪ್ಲಾಸ್ಟಿಕ್ ಸೀಟಿಯೊಂದನ್ನೇ.

ಎಫ್ರೇನ್ ಅವಳ ಹಿತ್ತಲ ಸೇವಂತಿಗೆಯ ಮಡಿಯಲ್ಲಿ ಬಿದ್ದಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಹೊರಳಬಾರದ ಕಡೆಗೆ ಹೊರಳಿತ್ತು. ಅವಳನ್ನು ಕಂಡವನೇ ತುಟಿಯ ಮೇಲೆ ಬೆರಳಿಟ್ಟ.

"ಹೂವೆಲ್ಲ ಹಾಳು ಮಾಡ್ಬಿಟ್ಟೆ, ಟೀಚರ್," ಎಂದು ಪಿಸುಗುಟ್ಟಿದ. ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಅವಳ ಹತ್ತಿರ ಇಂಗ್ಲಿಷ್ ಕಲಿಯುತ್ತಿದ್ದವರೆಲ್ಲರಿಗೂ ಅವಳು ಟೀಚರ್.

"ಹೂವಿನ ಮನೆ ಹಾಳಾಗ್ಲಿ. ಅಲ್ಲಾಡ್ಬೇಡ. ಆಂಬುಲೆನ್ಸ್ ಕರೀತೀನಿ."

"ಅಯ್ಯೋ, ಬೇಡ! ವಿಲ್ಮರ್ ಎಲ್ಲಿ? ಹಿಡಿದ್ರಾ ಅವನನ್ನ?"

ನೋರೀನ್ ಒದ್ದೆ ಮಣ್ಣಿನಲ್ಲೇ ಮಂಡಿಯೂರಿದಳು. ಹೇಳದೆ ಇರಬಹುದಿತ್ತು. ಹೇಳಿದಳು. "ಅವರು ಪೊಲೀಸರಲ್ಲ ಎಫ್ರೇನ್. ನೀರಿನ ಪೈಪಿನವರು. ಸರಿಯಾಗಿ ನೋಡ್ದೆ ಊದ್ಬಿಟ್ಟೆ. ಊದಿದ್ದು ನಾನೇ."

ಅವನು ಅವಳನ್ನೇ ದಿಟ್ಟಿಸಿದ. ಬೈಗುಳಕ್ಕೆ ಅವಳು ತಲೆ ತಗ್ಗಿಸಿ ಸಿದ್ಧಳಾದಳು.

"ಹಾಗಾದ್ರೆ ಅವನನ್ನ ಯಾರೂ ಹಿಡ್ಕೊಂಡು ಹೋಗಿಲ್ಲ?"

"ಇಲ್ಲ."

ಅವನು ನಕ್ಕುಬಿಟ್ಟ. ನಕ್ಕದ್ದು ಕಾಲಿಗೆ ತಾಗಿ ಚೀರಿದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಅದು ನಗೆಯದೋ ನೋವಿನದೋ ಅವಳಿಗೆ ತಿಳಿಯಲಿಲ್ಲ. ಮುಖ ಮಾತ್ರ ಬಿಳಿಚುತ್ತಾ ಹೋಯಿತು. "ಅವನನ್ನ ಕರ್ಕೊಂಡು ಬನ್ನಿ ಟೀಚರ್. ಸೀಟಿ ಕೇಳಿದ್ರೆ ಫೋನ್ ಆಫ್ ಮಾಡ್ಬೇಕು ಅಂತ ನಮ್ಮ ಮಾತು. ಅವನ ಮುಖ ನೋಡದೆ ನಾನು ಯಾವ ಆಸ್ಪತ್ರೆಗೂ ಬರಲ್ಲ."

ಗಸ್ ಕಂಬಳಿ ತಂದು ಎಫ್ರೇನನ ಪಕ್ಕ ಕುಳಿತ. ಹಾಸ್ಯವಾಡಲಿಲ್ಲ. ನೋರೀನ್ ಬೀದಿಗೆ ಓಡಿದಳು. ಓಡುವಾಗ ಕೈ ತಾನಾಗಿ ಸೀಟಿಯ ಕಡೆ ಹೋಯಿತು, ಅಲ್ಲೇ ನಿಂತಿತು. ಬಂದರು ಎನ್ನಲು ಒಂದು ಸದ್ದಿತ್ತು, ಹಿಡಿದರು ಎನ್ನಲು ಇನ್ನೊಂದು. ಏನೂ ಆಗಿಲ್ಲ, ಹೊರಗೆ ಬನ್ನಿ ಎನ್ನುವುದಕ್ಕೆ ಒಂದು ಸದ್ದು ಬೇಕಾದೀತೆಂದು ಯಾರಿಗೂ ಹೊಳೆದಿರಲಿಲ್ಲ. "ವಿಲ್ಮರ್!" ಎಂದು ಕೂಗಿದಳು. "ವಿಲ್ಮರ್! ಏನೂ ಇಲ್ಲಪ್ಪ, ಬಾ!" ಅವಳು ಕೂಗುತ್ತಾ ಮುಂದೆ ನಡೆದಂತೆ ಎರಡೂ ಬದಿಯ ಕಿಟಕಿಗಳ ಪರದೆಗಳು ಒಂದೊಂದಾಗಿ ಇಳಿದವು. ಮೆಟ್ಟಿಲುಗಳ ಮೇಲೆ ಹಬ್ಬಕ್ಕೆಂದು ಇಟ್ಟ ಕುಂಬಳಕಾಯಿಗಳಷ್ಟೇ ಉಳಿದವು.

ಮೂಲೆಮನೆ ಅವಳ ಶನಿವಾರದ ತರಗತಿಗೆ ಬರುವ ರೊಸಾಲ್ಬಾಳದು. ಅದರ ಹಿಂಬಾಗಿಲ ಮೆಟ್ಟಿಲ ಮೇಲೆ ಚಾವಣಿ ಕೆಲಸದ ಡಾಂಬರು ಮೆತ್ತಿದ ಬೂಟಿನ ಹಸಿ ಗುರುತಿತ್ತು. ನೋರೀನ್ ಬಾಗಿಲು ಬಡಿದಳು. "ರೊಸಾಲ್ಬಾ, ನಾನಮ್ಮ, ಟೀಚರ್! ವಿಲ್ಮರ್ ಒಳಗಿದ್ದಾನೆ, ನಂಗೊತ್ತು. ಅವರಣ್ಣ ಬಿದ್ದಿದ್ದಾನೆ, ಕಾಲು ಮುರಿದಿದೆ. ನೀನಾದ್ರೂ ಬಾಗಿಲು ತೆಗಿ!"

ಒಳಗೆ ಯಾರೋ ಉಸಿರೆಳೆದುಕೊಂಡರು, ಯಾರೋ ಅವರ ಬಾಯಿ ಮುಚ್ಚಿದರು. ಆಮೇಲೆ ರೊಸಾಲ್ಬಾಳ ದನಿ ಬಾಗಿಲಿಗೆ ತೀರಾ ಹತ್ತಿರದಿಂದ, ತಗ್ಗಿ ಬಂತು.

"ನಿಮ್ಮ ದನಿ ಗೊತ್ತಾಯ್ತು ಟೀಚರ್. ನಿಮ್ಮ ಹಿಂದೆ ಯಾರು ನಿಂತಿದ್ದಾರೆ ಅನ್ನೋದು ಗೊತ್ತಿಲ್ವಲ್ಲ."

ನೋರೀನ್ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ; ಅದನ್ನು ಬಾಗಿಲೊಳಗಿನವರಿಗೆ ಹೇಳುವ ಸದ್ದೂ ಇರಲಿಲ್ಲ.