ಹುಳದ ಮನೆಯ ಸರ್ವರ್

"ಕೈ ತೆಗೀರಿ ಅಳಿಯಂದ್ರೆ! ಒಂದು ಹುಳನೂ ಮುಟ್ಟಬಾರ್ದು!"

ಅತ್ತೆ ಅಮ್ಮಯಮ್ಮನ ಕೂಗಿಗೆ ಮನೋಹರನ ಕೈ ಗಾಳಿಯಲ್ಲೇ ನಿಂತಿತು. ರೇಷ್ಮೆ ಹುಳು ಸಾಕುವ ಮನೆಯ ಮೂಲೆಯಲ್ಲಿದ್ದ ಅವನ ಕಪ್ಪು ಸರ್ವರ್ ಡಬ್ಬದ ಮೂತಿ ಬೆಳ್ಳಗಾಗಿತ್ತು. ಹಣ್ಣಾದ ಹುಳುಗಳು ತಟ್ಟೆಯಿಂದ ಇಳಿದು, ಗೂಡು ಕಟ್ಟಲೆಂದೇ ಇಟ್ಟಿದ್ದ ಬಿದಿರಿನ ತಟ್ಟಿ, ಚಂದ್ರಿಕೆಯನ್ನು ಬಿಟ್ಟು, ಡಬ್ಬದ ಮುಂಭಾಗದ ಜಾಲರಿ ಹತ್ತಿ ನೂಲು ಬಿಡಲು ಶುರುಮಾಡಿದ್ದವು. ಒಳಕ್ಕೆ ಗಾಳಿ ಎಳೆದುಕೊಳ್ಳಲು ಡಬ್ಬಕ್ಕಿದ್ದ ದಾರಿ ಆ ಜಾಲರಿಯೊಂದೇ. ಹಾರ್ಡ್ ಡಿಸ್ಕ್ ಐವತ್ತೆಂಟು ಡಿಗ್ರಿಗೆ ಏರಿದೆ ಎಂದು ಮನೋಹರನ ಫೋನು ಬಡಿದುಕೊಳ್ಳುತ್ತಿತ್ತು.

"ಅತ್ತೆ, ಒಳಗೆ ಸುಡ್ತಾ ಇದೆ. ಒಂದ್ನಾಕು ಹುಳ ತೆಗೆದ್ರೆ..."

"ನೂಲು ಬಿಡೋವಾಗ ಕದಲಿಸಿದ್ರೆ ಗೂಡು ಕೆಟ್ಟೋಯ್ತದೆ. ಒಣಗಿರೋ ಬೆಚ್ಚನೆ ಜಾಗ ಅಂತ ಹತ್ಕೊಂಡವೆ, ಅವುಕ್ಕೇನು ಗೊತ್ತು? ನಿಮ್ಮ ಡಬ್ಬನ ಆಫ್ ಮಾಡಿ."

ಮದುವೆ ವಿಡಿಯೋ ತೆಗೆಯುವ ಮನೋಹರ, ತೆಗೆದದ್ದನ್ನೆಲ್ಲ ತುಂಬಿಡುವ ಆ ಡಬ್ಬವನ್ನು ಇಲ್ಲಿಗೆ ತಂದದ್ದೇ ತಂಪಿಗೆ. ಮಹಡಿಯ ಮೇಲೆ ಶೀಟಿನ ಕೆಳಗಿರುವ ಅವನ ಕೋಣೆಯಲ್ಲಿ ಬೇಸಿಗೆಗೆ ಡಿಸ್ಕ್ ಹಾಗಿರಲಿ, ಮನುಷ್ಯನೇ ಬೇಯುತ್ತಾನೆ. ಕುಂದಾಣದ ಆ ಮನೆಯಲ್ಲಿ ತಂಪೆಂಬುದು ಹುಳುಗಳಿಗೆ ಮಾತ್ರ ಮೀಸಲು. ಅವಕ್ಕೆ ಕಿಟಕಿಗೆಲ್ಲ ಒದ್ದೆ ಗೋಣಿ, ಹೆಂಚಿನ ಮೇಲೆ ತೆಂಗಿನ ಗರಿ. ಹೆಂಡತಿ ಅರ್ಪಿತಳ ಶಿಫಾರಸಿನಿಂದ ಮನೆಯಳಿಯನಿಗೂ ಅಲ್ಲೊಂದು ಮೂಲೆ ಸಿಕ್ಕಿತ್ತು. ಷರತ್ತುಗಳಿಗೇನೂ ಕಡಿಮೆಯಿರಲಿಲ್ಲ. ಕಾಲು ತೊಳೆದೇ ಬರಬೇಕು, ಸೆಂಟು ಹಾಕಿಕೊಂಡು ಬರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹುಳುಗಳನ್ನು ಕೊಲ್ಲುವ ಊಜಿ ನೊಣ ನುಗ್ಗದಂತೆ ಬಾಗಿಲು ಹಾಕಲೇಬೇಕು. ಇವತ್ತಿನ ಗಾಬರಿಯಲ್ಲಿ ಅವನು ಬಾಗಿಲು ತೆರೆದಿಟ್ಟೇ ನುಗ್ಗಿದ್ದ. ಅತ್ತೆ ಹೋಗಿ ದಡಾರನೆ ಹಾಕಿ ಬಂದರು.

"ಆಫ್ ಮಾಡೋಕಾಗಲ್ಲ ಅತ್ತೆ. ಹಳೇ ಡಿಸ್ಕು ಕಟಕಟ ಅಂತಿದೆ. ಅದರಲ್ಲಿರೋದೆಲ್ಲ ಹೊಸದಕ್ಕೆ ನಕಲಾಗ್ತಾ ಇದೆ. ಈಗ ನಿಲ್ಲಿಸಿದ್ರೆ ಮತ್ತೆ ತಿರುಗುತ್ತೋ ಇಲ್ವೋ."

"ತಿರುಗ್ದೇ ಇದ್ರೆ ಏನಾಯ್ತದೆ? ಕಂಡೋರ ಮದುವೆ ತಾನೆ?"

ಮನೋಹರ ನೆಲ ನೋಡಿದ. ಊರವರ ಮದುವೆಗೆಲ್ಲ ಎರಡೆರಡು ನಕಲು ಮಾಡಿ ಬೇರೆ ಕಡೆ ಇಡುತ್ತಿದ್ದ ಈ ಪುಣ್ಯಾತ್ಮ, ಸ್ವಂತ ಮದುವೆಯದನ್ನು ಮಾತ್ರ ನಾಳೆ ಮಾಡಿದರಾಯಿತು ಎಂದು ಬಿಟ್ಟಿದ್ದ. ಅದನ್ನು ಹೇಳುವುದಕ್ಕಿಂತ ಊಜಿ ನೊಣವಾಗಿ ಹುಟ್ಟುವುದೇ ಮೇಲು ಎನಿಸಿತು.

"ನಮ್ಮ ಮದುವೆದೂ ಅದರಲ್ಲೇ ಇದೆ ಅತ್ತೆ. ಬೇರೆಲ್ಲೂ ಇಲ್ಲ. ಮಾವ ಓಡಾಡಿರೋದು, ಮಾತಾಡಿರೋದು... ಎಲ್ಲ."

ಅಮ್ಮಯಮ್ಮ ಡಬ್ಬದ ಕಡೆಗೆ ಬಗ್ಗಿ ನೋಡಿದರು. ತೀರಿಹೋದ ಗಂಡ ಚಿಕ್ಕವೆಂಕಟಪ್ಪ ಈಗ ನಡುಮನೆಯ ಗೋಡೆಯ ಮೇಲೊಂದು ಫೋಟೋ, ಅಷ್ಟೆ. ಅದೂ ರೇಷನ್ ಕಾರ್ಡಿಗೆಂದು ತೆಗೆಸಿದ್ದು. ಬಾಯಿ ಬಿಗಿದು ಕೂತಿದ್ದರು. ಬದುಕಿದ್ದಾಗ ಆ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ಕುಂದಾಣದಲ್ಲಿ ಯಾರೂ ಕಂಡಿರಲಿಲ್ಲ.

"ಅಂಗಾದ್ರೆ ಅದೂ ಅರ್ಧ ಗೂಡು ಕಟ್ಟೈತೆ ಅನ್ನಿ," ಎಂದರು ಅತ್ತೆ, ಸೆರಗು ಸಿಕ್ಕಿಸಿಕೊಳ್ಳುತ್ತಾ. "ಇದೂ ಕದಲಬಾರ್ದು, ಅವೂ ಕದಲಬಾರ್ದು. ಪಕ್ಕದ ತಗಡು ಬಿಚ್ಚಕಾಯ್ತದಾ?"

ಗಾಬರಿಯಲ್ಲಿ ಮನೋಹರನಿಗೆ ಅದು ಹೊಳೆದೇ ಇರಲಿಲ್ಲ. ಉಸಿರು ಬಿಗಿಹಿಡಿದು ಒಂದೊಂದೇ ತಿರುಪು ಬಿಚ್ಚಿದ. ಜಾಲರಿ ಒಂಚೂರು ಅಲುಗಿದರೂ ಅತ್ತೆ "ಮೆತ್ತಗೆ!" ಎನ್ನುತ್ತಿದ್ದರು. ತಗಡು ಕೈಗೆ ಬಂತು. ಒಳಗಿನಿಂದ ಹೊಡೆದ ಸೆಕೆಗೆ ಮುಖ ತಿರುಗಿಸಿ, "ಫ್ಯಾನ್ ತರ್ತೀನಿ," ಎಂದು ಎದ್ದ.

"ಫ್ಯಾನ್ ಗಾಳಿ ಹುಳಕ್ಕೆ ಆಗಲ್ಲ. ಮೊರ ಕೊಡಿ ಇಲ್ಲಿ."

ಬ್ಯಾಂಕಿನ ಕೆಲಸ ಮುಗಿಸಿ ಸಂಜೆ ಬಂದ ಅರ್ಪಿತ ಕಂಡದ್ದು ಇಷ್ಟು: ಅಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಂಪ್ಯೂಟರಿಗೆ ಮೊರದಲ್ಲಿ ಗಾಳಿ ಹಾಕುತ್ತಿದ್ದಾರೆ, ಗಂಡ ಪಕ್ಕದಲ್ಲಿ ಫೋನು ಹಿಡಿದು "ನಲವತ್ತೈದು... ನಲವತ್ನಾಲ್ಕು..." ಎಂದು ಮಂತ್ರ ಹೇಳುತ್ತಿದ್ದಾನೆ.

"ಏನಮ್ಮಾ ಇದು? ನಂಗೆ ಜ್ವರ ಬಂದಾಗ್ಲೂ ನೀನು ಹಿಂಗೆ ಗಾಳಿ ಹಾಕ್ಲಿಲ್ಲ."

"ಸುಮ್ಕಿರೇ. ನಿಮ್ಮಪ್ಪ ಅವ್ರೆ ಒಳಗೆ."

ದೀಪ ಹಚ್ಚುವ ಹೊತ್ತಿಗೆ ನಕಲು ಮುಗಿಯಿತು. ಹಳೇ ಡಿಸ್ಕು ಇನ್ನೊಂದು ಸಲ ಕಟಕಟ ಎಂದು ಸುಮ್ಮನಾಯಿತು. ಹೊಸದರಲ್ಲಿ ಎಲ್ಲ ಸರಿಯಾಗಿ ಬಂದಿದೆಯೇ ನೋಡೋಣವೆಂದು ಮನೋಹರ ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಮದುವೆಯ ವಿಡಿಯೋ ಹಾಕಿದ. ಮೂವರೂ ಬಗ್ಗಿ ಕೂತರು. ಅಮ್ಮಯಮ್ಮನ ಕೈಯಲ್ಲಿ ಮೊರ ಹಾಗೇ ಇತ್ತು.

ಚಪ್ಪರ, ಓಲಗ, ನೆಂಟರ ಗದ್ದಲ. ಅದರ ನಡುವೆ ರೇಷ್ಮೆ ಪಂಚೆಯ ಚಿಕ್ಕವೆಂಕಟಪ್ಪ ಕಾಣಿಸಿಕೊಂಡರು. ಬೆವೆತ ಮುಖ, ಜಾರಿದ ಶಲ್ಯ. ಧಾರೆಗೆ ಹೊತ್ತಾಯಿತೆಂದು ಯಾರೋ ತೋಳು ಹಿಡಿದು ಎಳೆಯುತ್ತಿದ್ದಾರೆ. ಅವರು ಕೊಡವಿಕೊಂಡು ಕ್ಯಾಮೆರಾದ ಕಡೆಗೇ ತಿರುಗಿ ಗುಡುಗಿದರು: "ಲೇ, ಹುಳದ ಮನೆ ಬಾಗಿಲು ಹಾಕಿದ್ದೀಯೇನೇ?"

ಬಾಗಿಲನ್ನು ಮಧ್ಯಾಹ್ನವೇ ಅಮ್ಮಯಮ್ಮ ತಾವೇ ಹಾಕಿದ್ದರು. ಸಂಜೆ ಈಚೆ ಬರುವಾಗ ಚಿಲಕವನ್ನೂ ಎಳೆದಿದ್ದರು. ಆದರೂ ಮೊರವನ್ನು ಅಲ್ಲೇ ಬಿಟ್ಟು ಧಡಕ್ಕನೆ ಎದ್ದರು. ಹಿತ್ತಿಲ ಕಡೆಯಿಂದ ಚಿಲಕ ತೆಗೆದ ಸದ್ದು, ಮತ್ತೆ ಹಾಕಿದ ಸದ್ದು, ಅದರ ಹಿಂದೆಯೇ ಅವರ ದನಿ ಕೇಳಿಸಿತು.

"ಹಾಕ್ದೆ ಕಣ್ರೀ, ಹಾಕ್ದೆ!"